ಕೈ ಒಪ್ಪದ ದಿನ

ಮಾವ ಜಾರಿ ಬಿದ್ದದ್ದು ಬಚ್ಚಲ ಕಲ್ಲಿನ ಮೇಲೆ, ಬೆಳಗಿನ ಹೊತ್ತಿನಲ್ಲಿ, ಅಂಗಳದಲ್ಲಿ ಆಗಲೇ ಜನ ತುಂಬಿದ್ದಾಗ. ಸುತ್ತಲ ಊರುಗಳ ಮುರಿದ ಕೈಕಾಲುಗಳನ್ನೆಲ್ಲ ಕೂಡಿಸಿದ ಮನುಷ್ಯ ಒಂದು ಸೋಪಿನ ಚೂರಿನ ಮೇಲೆ ಕಾಲಿಟ್ಟು ಬಿದ್ದರು. ನಾನು ಪಕ್ಕದಲ್ಲೇ ಕೂತು ಲೇಪಕ್ಕೆ ಸೊಪ್ಪು ಅರೆಯುತ್ತಿದ್ದೆ. ಸದ್ದು ಕೇಳಿ ಓಡಿಹೋದರೆ ಮಾವ ಗೋಡೆಗೊರಗಿ ಕೂತು, ಕಣ್ಣು ಮುಚ್ಚಿಕೊಂಡು, ತಮ್ಮ ತೊಡೆಯನ್ನೇ ಬೆರಳುಗಳಿಂದ ಮೇಲಿನಿಂದ ಕೆಳಗೆ ತಡವುತ್ತಿದ್ದರು. ಬೇರೆಯವರ ಮೈ ಮುಟ್ಟುವಾಗ ಮಾಡುತ್ತಿದ್ದ ಹಾಗೆಯೇ, ಅವಸರವಿಲ್ಲದೆ. ಪಾದ ಹೊರಗಡೆಗೆ ತಿರುಗಿ ಬಿದ್ದಿತ್ತು. ಆ ಕಾಲು ಇನ್ನೊಂದಕ್ಕಿಂತ ಗಿಡ್ಡವಾಗಿ ಕಾಣುತ್ತಿತ್ತು.

"ಅವನನ್ನ ಈಗಲೇ ಕರೀಬೇಡ," ಎಂದರು. ಅವನು ಎಂದರೆ ನನ್ನ ಗಂಡ, ಅವರ ಒಬ್ಬನೇ ಮಗ. "ಮೊದಲು ನಾನು ಹೇಳೋದು ಕೇಳು. ತೊಡೆ ಮೇಲ್ಗಡೆ ಹೋಗಿದೆ, ಸೊಂಟಕ್ಕೆ ಸೇರೋ ಕಡೆ. ಇದಕ್ಕೆ ದಬ್ಬೆ ನಿಲ್ಲಲ್ಲ, ಪಟ್ಟಿ ನಿಲ್ಲಲ್ಲ. ಇದು ಆಸ್ಪತ್ರೆ ಕೆಲಸ. ವ್ಯಾನ್‌ಗೆ ಹೇಳಿ ಕಳಿಸು."

"ಮಾವಾ, ಈ ಮಾತು ಹೇಳ್ತಿರೋದು ನೀವೇನಾ?"

"ನಾನೇ ತಾಯಿ. ಹೋಗು ಬೇಗ."

ಅವರ ಹಣೆಯ ಮೇಲೆ ಬೆವರು ಮೂಡಿತ್ತು. ಅವರು ಬಾಯಿ ಬಿಟ್ಟು ಹೇಳಿದ್ದು ನನಗೆ ಆಶ್ಚರ್ಯ, ಹೇಳಿದ ವಿಷಯವಲ್ಲ. ಮಾವನಿಗೆ ಏನು ಬರುತ್ತದೆ, ಏನು ಬರುವುದಿಲ್ಲ ಎಂಬುದು ಈ ಮನೆಯಲ್ಲಿ ನನ್ನೊಬ್ಬಳಿಗೇ ಗೊತ್ತಿತ್ತು.

ಮಾವನ ಕೆಲಸ ನೋಡಲು ಚೆಂದ. ಮುರಿದ ಕೈ ಹಿಡಿದು ಬಂದವನನ್ನು ಬೆಂಚಿನ ಮೇಲೆ ಕೂರಿಸಿ, ಮೆಲ್ಲಗೆ ಸವರುತ್ತಾ, "ನಿನ್ನ ಹೆಂಡತಿ ಗೊರಕೆಗೆ ಪಕ್ಕದ್ಮನೆಯವರು ಮನೆ ಖಾಲಿ ಮಾಡಿದ್ರಂತೆ, ಹೌದೇನಯ್ಯಾ?" ಎಂದು ಕೇಳುವರು. ಅವನು ನಗುವಷ್ಟರಲ್ಲಿ ಲಟಕ್ಕನೆ ಎಳೆದು ಕೂರಿಸಿಬಿಡುವರು. ಅವನು ಕಿರುಚುವ ಹೊತ್ತಿಗೆ ಕೆಲಸ ಮುಗಿದಿರುತ್ತಿತ್ತು. ಆಮೇಲೆ ಲೇಪ, ಬಿದಿರಿನ ದಬ್ಬೆ, ಬಟ್ಟೆಯ ಪಟ್ಟಿ. ಮುಂಗೈ, ಬೆರಳು, ಕಣಕಾಲು, ಜಾರಿದ ಭುಜ, ಇವುಗಳಲ್ಲಿ ಅವರು ಎತ್ತಿದ ಕೈ. ಅದನ್ನು ಯಾರೂ ಇಲ್ಲವೆನ್ನಲಾರರು.

ಕೆಲವರನ್ನು ಮಾತ್ರ ಹಾಗೇ ತಡವಿ ನೋಡಿ, ಎದ್ದು ಕೈ ತೊಳೆದುಕೊಂಡು, "ಇವತ್ತು ಯಾಕೋ ನನ್ನ ಕೈ ಒಪ್ತಾ ಇಲ್ಲ. ನೀವು ಆಸ್ಪತ್ರೆಗೆ ತೋರಿಸಿಬಿಡಿ," ಎನ್ನುತ್ತಿದ್ದರು. ನಾನು ಮದುವೆಯಾಗಿ ಬಂದ ಹೊಸದರಲ್ಲೇ ಗಮನಿಸಿದೆ. ಅವರ ಕೈ ಒಪ್ಪದೇ ಇದ್ದದ್ದು ಯಾವಾಗಲೂ ಒಂದೇ ಥರದ ಮುರಿತಗಳಿಗೆ. ಮೂಳೆ ಚರ್ಮ ಸೀಳಿ ಹೊರಗೆ ಬಂದಿದ್ದರೆ, ತೊಡೆಯ ಮೇಲ್ಭಾಗವಾದರೆ, ಚಿಕ್ಕ ಮಕ್ಕಳ ಮೊಣಕೈಯಾದರೆ. ನನಗೆ ಬಾಯಿ ಸುಮ್ಮನಿರುವುದಿಲ್ಲ. ಒಂದು ದಿನ ಕೇಳಿಯೇ ಬಿಟ್ಟೆ. "ಮಾವಾ, ನಿಮ್ಮ ಕೈಗೂ ತೊಡೆಗೂ ಏನಾದ್ರೂ ಹಳೇ ಜಗಳ ಇದೆಯಾ?"

ಮಾವ ಸುತ್ತ ಯಾರೂ ಇಲ್ಲವೆಂದು ನೋಡಿಕೊಂಡು ನಕ್ಕರು. "ಕಳ್ಳಿ! ಕಂಡು ಹಿಡಿದ್ಯಾ? ನೋಡು, ನಂಗೆ ಬರಲ್ಲ ಅಂತ ಒಂದು ಸಲ ಬಾಯಿ ಬಿಟ್ಟೆ ಅಂದ್ರೆ, ನಾಳೆಯಿಂದ ಉಳುಕಿದ ಬೆರಳು ತೋರಿಸೋಕೂ ಒಬ್ಬನೂ ಬರಲ್ಲ. ಜನ ಬರೋದು ಕೈಗುಣ ನಂಬ್ಕೊಂಡು. ತಪ್ಪನ್ನ ದಿನದ ಮೇಲೆ ಹಾಕಿಬಿಟ್ರೆ ನಂಬಿಕೆನೂ ಉಳಿಯುತ್ತೆ, ಅವರೂ ಆಸ್ಪತ್ರೆ ಸೇರ್ಕೋತಾರೆ."

ಕೇಳುವುದಕ್ಕೆ ಬುದ್ಧಿವಂತಿಕೆಯ ಮಾತೇ. ಆದರೆ ಜನರ ಕಿವಿ ಬೇರೆ ಥರ. ಅವರಿಗೆ ಕೇಳಿಸುತ್ತಿದ್ದದ್ದು ಮೊದಲರ್ಧ ಮಾತ್ರ. ಇವತ್ತು ಕೈ ಒಪ್ಪುತ್ತಿಲ್ಲ ಅಂದರೆ ನಾಳೆ ಒಪ್ಪೀತು ಎಂದು ಅವರಲ್ಲಿ ಎಷ್ಟೋ ಮಂದಿ ಆಸ್ಪತ್ರೆಯ ದಾರಿ ಹಿಡಿಯದೆ ಸೀದಾ ಮನೆಗೆ ಹೋಗಿ ಕಾಯುತ್ತಿದ್ದರು. ಚಿಕ್ಕಂದಿನಿಂದ ಅಪ್ಪನ ಪಕ್ಕ ಕೂತು ರೋಗಿಗಳ ಕೈಕಾಲು ಹಿಡಿದುಕೊಂಡ ನನ್ನ ಗಂಡನ ತಲೆಗೂ ಹೋದದ್ದು ಅಷ್ಟೇ. ಅಪ್ಪನಿಗೆ ಬಾರದ ಮೂಳೆ ಎನ್ನುವುದಿದೆ ಎಂದೇ ಅವರಿಗೆ ಗೊತ್ತಿರಲಿಲ್ಲ. ಒಳ್ಳೆಯ ದಿನ, ಕೆಟ್ಟ ದಿನ ಅಂತ ಇದೆ, ಅಷ್ಟೇ. ಮಾವನನ್ನು ಪಂಡಿತರು ಎನ್ನುವ ಊರವರು ಆಗಲೇ ನನ್ನ ಗಂಡನನ್ನು ಚಿಕ್ಕ ಪಂಡಿತರು ಎಂದು ಕರೆಯುತ್ತಿದ್ದರು, ಇವರೂ ಆ ಹೆಸರು ಕೇಳಿದಾಗಲೆಲ್ಲ ಎದೆ ಉಬ್ಬಿಸುತ್ತಿದ್ದರು.

ಆ ಬೆಳಗ್ಗೆ ನಾನು ವ್ಯಾನಿಗೆ ಹೇಳಲು ಹೊರಡುವ ಮೊದಲೇ ನನ್ನ ಗಂಡ ಬಚ್ಚಲ ಬಾಗಿಲಿಗೆ ಬಂದು ನಿಂತರು.

"ಆಸ್ಪತ್ರೆಗೆ ಕರ್ಕೊಂಡು ಹೋಗೋ," ಎಂದರು ಮಾವ.

"ಮೆಲ್ಲಗೆ ಮಾತಾಡಪ್ಪಾ, ಹೊರಗೆ ಜನ ಇದಾರೆ."

"ಇದ್ದರೆ ಇರ್ಲಿ. ಇದು ನಂಗೆ ಬರಲ್ಲ ಕಣೋ. ಇವತ್ತಲ್ಲ, ಯಾವತ್ತೂ ಬರ್ತಿರಲಿಲ್ಲ."

ನನ್ನ ಗಂಡ ನಕ್ಕರು. ಮಗು ಏನೋ ತೊದಲಿದರೆ ನಗುತ್ತಾರಲ್ಲ, ಹಾಗೆ. "ನಿಂಗೆ ಬರಲ್ಲ ಅಂದ್ರೆ ಯಾರಪ್ಪ ನಂಬ್ತಾರೆ? ನಿನ್ನ ಕೈ ಇವತ್ತು ಒಪ್ತಿಲ್ಲ, ಬಿಡು. ನನ್ನ ಕೈ ಒಪ್ತಾ ಇದೆ."

ಮಾವ ನನ್ನ ಕಡೆ ನೋಡಿದರು. ನಾನು ನಡುವೆ ಬಾಯಿ ಹಾಕಿದೆ. "ರೀ, ಅವರೇ ಆಸ್ಪತ್ರೆ ಅಂತಿರುವಾಗ ನಿಮ್ದೇನು? ಹೊತ್ಕೊಂಡು ಹೋಗೋಣ ನಡೀರಿ."

"ನಿಂಗೇನಾದ್ರೂ ತಲೆ ಇದೆಯಾ? ಪಂಡಿತರನ್ನ ಆಸ್ಪತ್ರೆಗೆ ಎತ್ಕೊಂಡು ಹೋದ್ರು ಅಂತ ಆದ್ರೆ ನಾಳೆ ಈ ಅಂಗಳದಲ್ಲಿ ನಾಯಿನೂ ಮಲಗಲ್ಲ."

ಅವರು ಇಬ್ಬರು ಗಟ್ಟಿಮುಟ್ಟಾದ ರೋಗಿಗಳನ್ನೇ ಕರೆದು ಮಾವನನ್ನು ಎತ್ತಿಸಿ ನಡುಮನೆಯ ಮಂಚದ ಮೇಲೆ ಹಾಕಿಸಿದರು. ಕದ ಹಾಕಿದರು. ನನಗೆ ಭುಜ ಹಿಡಿದುಕೋ ಎಂದರು. ಹಿಡಿಯಲ್ಲ ಎಂದೆ. ಅವರೇ ಮಾವನ ಎದೆಗೆ ಹಗ್ಗ ಹಾಕಿ ಮಂಚಕ್ಕೆ ಕಟ್ಟಿದರು, ಪಾದ ಹಿಡಿದು ಎಳೆದರು. ಮಾವ ಕೂಗಿದ ಕೂಗು ಮನುಷ್ಯರ ಕೂಗಿನ ಹಾಗಿರಲಿಲ್ಲ. ಒಂದು ಸಲವಲ್ಲ, ಮೂಳೆ ಕೂರಲಿಲ್ಲವೆಂದು ಮತ್ತೆ ಎಳೆದರು, ಮತ್ತೆ ಎಳೆದರು. ನಾನು ಅವರ ಬೆನ್ನಿಗೆ ಗುದ್ದಿದೆ. ಅವರು ತಿರುಗಿಯೂ ನೋಡಲಿಲ್ಲ. ಕೊನೆಗೆ ಮಾವನ ತಲೆ ಒಂದು ಕಡೆ ವಾಲಿತು, ಎಚ್ಚರ ತಪ್ಪಿತ್ತು. ಸೊಂಟದಿಂದ ಪಾದದ ತನಕ ದಬ್ಬೆ ಇಟ್ಟು ಬಿಗಿದು ಕಟ್ಟಿದರು. "ನೋಡು, ಈಗ ಹೇಗೆ ಸುಮ್ಮನಾದ್ರು," ಎಂದರು.

ಆಮೇಲೆ ಮುಖ ಒರೆಸಿಕೊಂಡು ಹೊರಗೆ ಹೋದರು. ಬಾಗಿಲ ಸಂದಿಯಿಂದ ನಾನು ನೋಡಿದೆ. ಜನ ಎದ್ದು ನಿಂತಿದ್ದರು, ಕೆಲವರ ಕಣ್ಣಲ್ಲಿ ನೀರಿತ್ತು.

"ಗಾಬರಿ ಬೇಡ," ಎಂದರು ನನ್ನ ಗಂಡ. "ಸಣ್ಣದೊಂದು ಬಿರುಕು. ಅಪ್ಪ ಹೇಳ್ತಾ ಹೋದ್ರು, ನಾನು ಕಟ್ತಾ ಹೋದೆ."

"ಅಪ್ಪನ ಮೂಳೆ ಮಗ ಕಟ್ಟೋದು ಅಂದ್ರೆ ಸುಮ್ನೇನಾ!" ಎಂದಿತು ಒಂದು ಮುದಿ ಗಂಟಲು. "ಕೈಗುಣ ಎಲ್ಲಿ ಹೋಗುತ್ತೆ, ರಕ್ತದಲ್ಲೇ ಇರುತ್ತೆ."

ಆವತ್ತು ಬಂದಿದ್ದವರಲ್ಲಿ ಒಬ್ಬರೂ ವಾಪಸ್ಸು ಹೋಗಲಿಲ್ಲ. ನನ್ನ ಗಂಡ ಅಪ್ಪನ ಜಾಗದಲ್ಲಿ ಕೂತು ಎಲ್ಲರದನ್ನೂ ಕಟ್ಟಿದರು. ಮಾವನ ತಮಾಷೆಗಳನ್ನೇ ಹೇಳಿದರು, ಜನ ನಕ್ಕರು ಕೂಡ.

ಅಲ್ಲಿಂದ ಶುರುವಾಯಿತು ಮಾವನ ಪಾಡು. ತೊಡೆ ಊದಿ ದಬ್ಬೆಯ ನಡುವೆ ಉಬ್ಬಿಕೊಂಡಿತು. ಕಾಲ್ಬೆರಳುಗಳ ಬಣ್ಣ ಕೆಟ್ಟಿತು, ಮುಟ್ಟಿದರೆ ತಣ್ಣಗೆ. ಮಾವ ತಮ್ಮ ಬೆರಳುಗಳನ್ನು ತಾವೇ ನೋಡಿ, "ಪಟ್ಟಿ ಸಡಿಲ ಮಾಡು ತಾಯಿ. ರಕ್ತ ಹೋಗ್ತಾ ಇಲ್ಲ ಕೆಳಕ್ಕೆ," ಎನ್ನುವರು. ನಾನು ಸಡಿಲ ಮಾಡುವೆ. ನನ್ನ ಗಂಡ ಬಂದು ಮತ್ತೆ ಬಿಗಿಯುವರು.

"ಅಪ್ಪ ಮಗನ ನಡುವೆ ಬರಬೇಡ. ಸೊಪ್ಪು ಅರೆಯೋಳು ಸೊಪ್ಪು ಅರಿ," ಎಂದರು ಒಂದು ದಿನ.

"ಅರೀತೀನಿ. ಸ್ವಲ್ಪ ನಿಮ್ಮ ತಲೆಗೂ ಹಚ್ಕೊಳ್ಳಿ. ಅಲ್ಲೂ ಏನೋ ಮುರಿದಿರೋ ಹಾಗಿದೆ," ಎಂದೆ.

ಕೆನ್ನೆಗೆ ಬಿತ್ತು. ಮಾವ ಮಂಚದ ಮೇಲಿಂದ "ಅವಳನ್ನ ಮುಟ್ಟಬೇಡವೋ" ಎಂದು ಕೂಗಿದರು. ಮುಟ್ಟಿದ್ದಾಗಿತ್ತು. ಹೊಡೆತಕ್ಕಿಂತ ನನಗೆ ಹೊಟ್ಟೆ ಉರಿದದ್ದು, ಮಲಗಿದ್ದ ಮುದುಕರೇ ನನ್ನ ಕಡೆ ಮಾತಾಡಬೇಕಾಯಿತಲ್ಲ ಎಂದು.

ಮಾವ ಸುಮ್ಮನಿರಲಿಲ್ಲ. ನೋಡಲು ಬಂದವರಿಗೆಲ್ಲ ಹೇಳಿದರು. "ನನ್ನ ಯಾರಾದ್ರೂ ಆಸ್ಪತ್ರೆಗೆ ಕರ್ಕೊಂಡು ಹೋಗ್ರಪ್ಪಾ, ಪುಣ್ಯ ಬರುತ್ತೆ." ಜನ ಗೊಳ್ಳೆಂದು ನಗುತ್ತಿದ್ದರು. ಜೀವನವೆಲ್ಲ ನೋವಿನ ನಡುವೆ ನಗಿಸಿದ ಮನುಷ್ಯ, ಈಗ ನಿಜ ಹೇಳಿದರೂ ತಮಾಷೆಯೇ. "ನೋಡ್ರೀ, ಈ ಸ್ಥಿತೀಲೂ ಪಂಡಿತರ ಹಾಸ್ಯ ಹೋಗಿಲ್ಲ," ಎನ್ನುತ್ತಾ ಹೊರಗೆ ಹೋಗುವರು. ಮಾವನ ಮುಖ ಇಂಗು ತಿಂದ ಮಂಗನ ಹಾಗಾಗುತ್ತಿತ್ತು. ನಾನು "ತಮಾಷೆ ಅಲ್ರೀ, ನಿಜ!" ಎಂದು ಬೆನ್ನ ಹಿಂದೆ ಕೂಗಿದರೆ, ಸೊಸೆಗೆ ಮುದುಕರ ಚಾಕರಿ ಬೇಜಾರಾಗಿದೆ, ಆಸ್ಪತ್ರೆಗೆ ತಳ್ಳಲು ನೋಡುತ್ತಿದ್ದಾಳೆ ಎಂದು ಮಾತಾಯಿತು.

ಗಂಡ ಯಾವುದೋ ಮನೆಗೆ ಪಟ್ಟಿ ಬಿಚ್ಚಲು ಹೋಗಿದ್ದಾಗ ವ್ಯಾನಿನವನನ್ನು ಕರೆಸಿದೆ. ಬಂದ, ಎಂಜಿನ್ ಆರಿಸದೆ, "ಎಲ್ಲಿಗಕ್ಕಾ?" ಎಂದ. ಆಸ್ಪತ್ರೆಗೆ, ಮಾವನನ್ನ, ಎಂದೆ. ಅವನ ಮುಖ ಇಳಿದುಹೋಯಿತು. ತನ್ನ ಬಲಗೈ ಮುಂದೆ ಚಾಚಿ ತೋರಿಸಿದ.

"ಈ ಕೈ ಕಟ್ಟಿದ್ದು ಅವರು. ಈ ಕೈಲೇ ಸ್ಟೇರಿಂಗ್ ಹಿಡಿದು ಅವರನ್ನ ಆಸ್ಪತ್ರೆ ಬಾಗಿಲಿಗೆ ಇಳಿಸ್ಲಾ? ನನ್ನ ಅನ್ನಕ್ಕೆ ನಾನೇ ಮಣ್ಣು ಹಾಕ್ಕೊಂಡ ಹಾಗೆ. ಬೇಡ ಅಕ್ಕಾ."

"ಅವರೇ ಕೇಳ್ತಿದಾರೆ ಕಣೋ!"

"ನೋವಲ್ಲಿ ಕೇಳ್ತಾರೆ. ನಾವು ಕೊಡಬಾರದು."

ಹೋಗುವಾಗ ದಾರಿಯಲ್ಲಿ ನನ್ನ ಗಂಡನನ್ನು ಹುಡುಕಿ ವಿಷಯ ಮುಟ್ಟಿಸಿಯೇ ಹೋದ. ಸಂಜೆ ನನಗೆ ಇನ್ನೆರಡು ಬಿದ್ದವು.

ನೋಡಲು ಬರುತ್ತಿದ್ದವರಲ್ಲಿ ಹೊಲಿಗೆಯಮ್ಮ ಒಬ್ಬಳೇ ನಗುತ್ತಿರಲಿಲ್ಲ. ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಮೆಷಿನ್ ಇಟ್ಟುಕೊಂಡು ಬಟ್ಟೆ ಹೊಲಿಯುವವಳು. ಉಳಿದ ಬಟ್ಟೆಗಳನ್ನು ಪಟ್ಟಿಯಾಗಿ ಕತ್ತರಿಸಿ ಸುರುಳಿ ಸುತ್ತಿ ನಮ್ಮ ಮನೆಗೆ ತಂದುಕೊಡುವಳು. ಮಂಚದ ಪಕ್ಕ ಕೂತು ಮಾವನ ಕೈ ನೇವರಿಸುವಳು. ಅವಳು ಬಂದಾಗ ಮಾತ್ರ ಮಾವ ಬಾಯಿ ಬಿಡುತ್ತಿರಲಿಲ್ಲ. ಗೋಡೆಯ ಕಡೆ ತಿರುಗಿ ಮಲಗಿಬಿಡುವರು.

ಯಾಕೆಂದು ನನಗೆ ಗೊತ್ತಿತ್ತು. ಅವಳ ಮಗ ಮನೆ ಕಟ್ಟುವ ಕೆಲಸದಲ್ಲಿ ಸಾರುವೆಯ ಮೇಲಿನಿಂದ ಬಿದ್ದು ಕಾಲು ಮುರಿದುಕೊಂಡಾಗ ಮೂಳೆ ಮೊಣಕಾಲ ಕೆಳಗೆ ಹೊರಕ್ಕೆ ಇಣುಕಿತ್ತು. ಕೈಗಾಡಿಯಲ್ಲಿ ಮಲಗಿಸಿಕೊಂಡು ತಂದಳು. ಮಾವ ನೋಡಿ, ಕೈ ತೊಳೆದುಕೊಂಡು, ಎಲ್ಲರಿಗೂ ಹೇಳುವ ಮಾತನ್ನೇ ಹೇಳಿದರು. ಅವಳು ಮನೆಗೆ ಹೋಗಿ ಮರುದಿನ ಮತ್ತೆ ಬಂದಳು, ಇವತ್ತು ಕೈ ಒಪ್ಪೀತಾ ಪಂಡಿತ್ರೇ ಎಂದು. ಇಲ್ಲ ತಾಯಿ, ಆಸ್ಪತ್ರೆಗೆ ಹೋಗು ಎಂದರು. ಅದರ ಮರುದಿನವೂ ಬಂದಳು. ಆ ಹೊತ್ತಿಗೆ ಗಾಯ ವಾಸನೆ ಬರುತ್ತಿತ್ತು. ಆಗಲಾದರೂ ಮಾವ ನಿಜ ಹೇಳಬಹುದಿತ್ತು. ಅಂಗಳದ ತುಂಬ ಜನ ಇದ್ದರು, ಹೇಳಲಿಲ್ಲ. ಕೊನೆಗೆ ಆಸ್ಪತ್ರೆ ಮುಟ್ಟುವ ಹೊತ್ತಿಗೆ ಹುಡುಗನ ಮೈಯೆಲ್ಲ ನಂಜೇರಿತ್ತು, ಉಳಿಯಲಿಲ್ಲ. ಮದುವೆ ಗೊತ್ತಾಗಿದ್ದ ಹುಡುಗ. ಹೊಲಿಗೆಯಮ್ಮ ಮಾವನನ್ನು ಒಂದು ದಿನವೂ ದೂರಲಿಲ್ಲ. "ಅವರ ಕೈ ಒಪ್ಪಲಿಲ್ಲ, ನನ್ನ ಹಣೆಬರಹ," ಎನ್ನುವಳು.

ಮಾವನ ಬೆನ್ನು ಹುಣ್ಣಾಯಿತು. ಪಾದ ಕಪ್ಪಗಾಗುತ್ತಾ ಬಂತು. ನಾನು ಇನ್ನು ತಡೆಯಲಾರದೆ ಬೆಳಗ್ಗೆ ಬಸ್ಸು ಹತ್ತಿ ಪೇಟೆಯ ಆಸ್ಪತ್ರೆಗೆ ಹೋದೆ. ಮೂಳೆ ಡಾಕ್ಟರ ಕೋಣೆಯಲ್ಲಿ ಫ್ಯಾನು ತಿರುಗುತ್ತಿತ್ತು, ಮೇಜಿನ ಮೇಲೆ ಪ್ಲಾಸ್ಟಿಕ್ಕಿನ ಒಂದು ಸೊಂಟ ಇತ್ತು. ನಾನು ಯಾರ ಸೊಸೆ, ಯಾಕೆ ಬಂದೆ ಎಂದು ಹೇಳಿ ಮುಗಿಸುವ ಮೊದಲೇ ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಸಿಸ್ಟರ್, ಬನ್ನಿ ಇಲ್ಲಿ, ಬನ್ನಿ! ಇವರು ಹೇಳೋದು ಕೇಳಿ. ಅಮ್ಮಾ, ಇನ್ನೊಂದ್ಸಲ ಹೇಳಿ. ಯಾರಿಗೆ ಏನಾಗಿದೆ?"

ಇನ್ನೊಮ್ಮೆ ಹೇಳಿದೆ. ಡಾಕ್ಟರು ಹೊಟ್ಟೆ ಹಿಡಿದುಕೊಂಡು ನಕ್ಕರು. ನರ್ಸಮ್ಮ ಕಿಟಕಿಯ ಕಡೆ ನೋಡಿದರು.

"ನಿಮ್ಮ ಮಾವ ಕೆಡಿಸಿ ಕಳಿಸಿದ ಕೈಕಾಲು ಎಷ್ಟು ಕತ್ತರಿಸಿದೀನಿ ಗೊತ್ತಾ ನಾನು? ಈಗ ತನ್ನ ಬುಡಕ್ಕೆ ಬಂದಾಗ ನನ್ನ ನೆನಪಾಯ್ತಾ?"

"ನಕ್ಕಿದ್ದು ಮುಗೀತಾ ಡಾಕ್ಟ್ರೇ?" ಎಂದೆ. "ಮುಗಿದಿದ್ರೆ ಹೇಳಿ, ನೋಡ್ತೀರೋ ಇಲ್ವೋ."

ಅವರು ಕನ್ನಡಕ ಹಾಕಿಕೊಂಡರು. "ನೋಡ್ತೀನಿ. ನಾಳೆ ಬೆಳಗ್ಗೆ ಆಂಬುಲೆನ್ಸ್ ಕಳಿಸ್ತೀನಿ. ಕಾಲು ಉಳಿಯೋದು ಕಷ್ಟ, ಜೀವ ಉಳಿಸಬಹುದು. ನಂಗೆ ನಿಮ್ಮಿಂದ ಒಂದು ಪೈಸೆ ಬೇಡ, ಒಂದು ಫೋಟೋ ಬೇಕು. ಪಂಡಿತರು ನಮ್ಮ ಮಂಚದ ಮೇಲೆ ಮಲಗಿರಬೇಕು, ನಾನು ಪಕ್ಕದಲ್ಲಿ ನಿಂತಿರಬೇಕು. ಬಸ್ ನಿಲ್ದಾಣದಲ್ಲಿ ದೊಡ್ಡದಾಗಿ ಹಾಕಿಸ್ತೀನಿ."

"ಅವರು ನರಳ್ತಾ ಇದಾರೆ."

"ನರಳ್ತಿದ್ರೆ ಇನ್ನೂ ಒಳ್ಳೇದು. ಜನಕ್ಕೆ ಬುದ್ಧಿ ಬರುತ್ತೆ."

ಆ ಪ್ಲಾಸ್ಟಿಕ್ಕಿನ ಸೊಂಟ ಎತ್ತಿ ಅವರ ತಲೆಗೆ ಹಾಕಬೇಕು ಎನಿಸಿತು. ಆಗಲಿ ಎಂದು ಬಂದೆ. ಮನೆಯಲ್ಲಿ ಮಾವನ ಕಿವಿಯಲ್ಲಿ ಎಲ್ಲ ಹೇಳಿದೆ, ಫೋಟೋದ ವಿಷಯವನ್ನೂ ಮುಚ್ಚಿಡಲಿಲ್ಲ.

"ತೆಗೀಲಿ," ಎಂದರು ಮಾವ. ತುಟಿ ಒಣಗಿ ಸೀಳಿತ್ತು. "ಬೇಕಾದ್ರೆ ಬರೀ ಮೈಲಿ ನಿಲ್ಲಿಸಿ ತೆಗೀಲಿ. ನಂಗೆ ಬದುಕೋ ಆಸೆ ಇದೆ ತಾಯಿ. ಯಾರೂ ನಗಬೇಡಿ ಅಂತ ಹೇಳು, ನಂಗೆ ನಿಜವಾಗ್ಲೂ ಆಸೆ ಇದೆ."

ಮರುದಿನ ಆಂಬುಲೆನ್ಸ್ ಬಂತು. ಮೈತುಂಬ ಆಸ್ಪತ್ರೆಯ ಹೆಸರು, ಖಾಲಿ ರಸ್ತೆಯಲ್ಲೂ ಊಳಿಡುವ ಸೈರನ್ನು. ಅಂಗಳದಲ್ಲಿ ಕೂತಿದ್ದವರೆಲ್ಲ, ಕಟ್ಟಿದ ಕೈ, ಊದಿದ ಕಾಲು ಸಮೇತ ಎದ್ದು ನಿಂತರು. ಇಬ್ಬರು ಆಳುಗಳು ಸ್ಟ್ರೆಚರ್ ಹಿಡಿದು ಒಳಗೆ ಬಂದರು. ನನ್ನ ಗಂಡ ಒಬ್ಬನ ಭುಜಕ್ಕೆ ಲೇಪ ಹಚ್ಚುತ್ತಿದ್ದರು, ಕೈ ಹಸಿರಾಗಿತ್ತು. ಅವರು ಎದ್ದು ಬರುವಷ್ಟರಲ್ಲಿ ನಾವು ಮೂವರೂ ಸೇರಿ ಮಾವನನ್ನು ಸ್ಟ್ರೆಚರಿಗೆ ಹಾಕಿ ಅಂಗಳದ ನಡುವಿನ ತನಕ ತಂದಿದ್ದೆವು. ಅಲ್ಲಿಂದ ಮುಂದೆ ಹೆಜ್ಜೆ ಇಡಲಾಗಲಿಲ್ಲ. ಜನ ಅಲುಗಲಿಲ್ಲ.

ನನ್ನ ಗಂಡ ಕೂಗಾಡುತ್ತಾರೆ ಎಂದುಕೊಂಡಿದ್ದೆ. ಅವರು ನನಗಿಂತ ಬುದ್ಧಿವಂತರು. ಮೆಲ್ಲಗೆ ಬಂದು ಸ್ಟ್ರೆಚರಿನ ಪಕ್ಕ ನಿಂತು, ಎಲ್ಲರಿಗೂ ಕೇಳಿಸುವ ಹಾಗೆ ಹೇಳಿದರು. "ಇದರಲ್ಲಿ ನಂದೇನಿಲ್ಲ. ಅಪ್ಪನೇ ಹೇಳಲಿ. ಇಷ್ಟು ಜನರ ಮುಂದೆ, ನಾನು ಆಸ್ಪತ್ರೆಗೆ ಹೋಗ್ತೀನಿ ಅಂತ ಅವರ ಬಾಯಲ್ಲೇ ಬರಲಿ. ನಾನೇ ಹೊತ್ಕೊಂಡು ಹೋಗಿ ಗಾಡಿಗೆ ಹತ್ತಿಸ್ತೀನಿ."

ಮಾವ ಮೊಣಕೈ ಊರಿ ಸ್ವಲ್ಪ ಎದ್ದರು. ಒಂದೊಂದೇ ಮುಖ ನೋಡಿದರು.

"ಹೋಗ್ತೀನಿ," ಎಂದರು.

ಎಂದಿನಂತೆ ಯಾರೋ ನಗಲು ಶುರು ಮಾಡಿದರು. ಮಾವ ಕೈ ಎತ್ತಿದರು.

"ನಗಬೇಡಿ. ಕೇಳಿ. ಕೈ ಒಪ್ತಾ ಇಲ್ಲ ಅಂತ ಯಾರ್ಯಾರಿಗೆ ಹೇಳಿದೀನೋ, ಅವರಿಗೆಲ್ಲ ಸುಳ್ಳು ಹೇಳಿದೀನಿ. ಕೈ ಚೆನ್ನಾಗೇ ಇತ್ತು. ಆ ಕೆಲಸ ನಂಗೆ ಬರ್ತಿರಲಿಲ್ಲ. ಬರಲ್ಲ ಅಂತ ಹೇಳೋಕೆ ನಾಚಿಕೆ ಆಯ್ತು. ಈ ನನ್ನ ತೊಡೆನೂ ಅಂಥದ್ದೇ. ಇವನಿಗೂ ಬರಲ್ಲ. ನನ್ನ ಬಿಡಿ."

ನನ್ನ ಗಂಡನ ಮುಖ ಬಿಳಿಚಿತು. ಆ ಗಳಿಗೆಯಲ್ಲಿ ಅವರಿಗೆ ಅರ್ಥವಾಯಿತು, ನನಗೆ ಸ್ಪಷ್ಟವಾಗಿ ಕಂಡಿತು. ಮಗನಾದವನು ಅರ್ಥವಾದ ಮೇಲೆ ಏನು ಮಾಡಬೇಕಿತ್ತೋ ಅದನ್ನು ಮಾಡುತ್ತಾರೆಂದು ನಾನು ಕಾದೆ. ಅವರು ಜನರ ಕಡೆ ತಿರುಗಿದರು.

"ನೋಡಿದ್ರಲ್ಲ. ಜ್ವರ ನೆತ್ತಿಗೇರಿದೆ. ಏನೇನೋ ಬಡಬಡಿಸ್ತಿದಾರೆ."

ಅಬ್ಬಾ, ಆ ಜನರ ಮುಖಕ್ಕೆ ಜೀವ ಬಂದ ಬಗೆ! ಹೌದು ಹೌದು, ಜ್ವರ, ಪಾಪ, ಎಂದು ಒಬ್ಬರಿಗೊಬ್ಬರು ಹೇಳಿಕೊಂಡರು. ಮಾವ "ಜ್ವರ ಅಲ್ಲ, ಜ್ವರ ಅಲ್ಲ" ಎನ್ನುತ್ತಿದ್ದರು. ಹೇಳಿದಷ್ಟೂ ಅದು ಜ್ವರದ ಮಾತಿನ ಹಾಗೇ ಕೇಳಿಸುತ್ತಿತ್ತು.

ಆಗ ಗುಂಪಿನ ಹಿಂದೆ ಹೊಲಿಗೆಯಮ್ಮ ಕಂಡಳು. ನನಗೆ ಹೋದ ಜೀವ ಬಂದಂತಾಯಿತು. ಈ ಅಂಗಳದಲ್ಲಿ ನಿಜ ಹೇಳುವ ಹಕ್ಕು ಯಾರಿಗಾದರೂ ಇದ್ದರೆ ಅವಳಿಗೆ. ಮಾವನೂ ಅವಳನ್ನು ಕಂಡರು. ಇಷ್ಟು ದಿನ ಗೋಡೆಗೆ ಮುಖ ಮಾಡುತ್ತಿದ್ದವರು ಈಗ ಅವಳನ್ನೇ ನೋಡಿದರು.

"ಹೊಲಿಗೆಯಮ್ಮಾ, ನಿನ್ನ ಮಗನ ಕಾಲು ನೋಡಿದ ತಕ್ಷಣ ನಂಗೆ ಗೊತ್ತಾಗಿತ್ತು. ನೀನು ಮತ್ತೆ ಮತ್ತೆ ಕರ್ಕೊಂಡು ಬಂದೆ. ನಾನು ಬಾಯಿ ಬಿಡಲಿಲ್ಲ. ಉಗಿ ನನ್ನ ಮುಖಕ್ಕೆ. ಉಗಿದು ಇವರಿಗೆ ಹೇಳು, ನಿಜ ಅಂತ."

"ಬನ್ನಿ ಅಮ್ಮಾ," ಎಂದು ನಾನೂ ಕೂಗಿದೆ. "ಮುಟ್ಟಿ ನೋಡಿ. ಅವರಿಗೆ ಜ್ವರ ಇದ್ರೆ ನನ್ನ ನಾಲಿಗೆ ಕಿತ್ತು ಕೈಗೆ ಕೊಡ್ತೀನಿ. ನೀವು ಹೇಳಿದ್ರೆ ಕೇಳ್ತಾರೆ."

ಜನ ದಾರಿ ಬಿಟ್ಟರು. ಅವಳು ಬಂದಳು. ಸ್ಟ್ರೆಚರಿನ ಪಕ್ಕ ಮಂಡಿಯೂರಿ ಕೂತು ಮಾವನ ಹಣೆಯ ಮೇಲೆ ಅಂಗೈ ಇಟ್ಟಳು. ಆಗಷ್ಟೇ ಆ ಹಣೆ ಮುಟ್ಟಿ ನೋಡಿದ್ದವಳು ನಾನು. ಹಣೆ ತಣ್ಣಗಿತ್ತು. ಅವಳು ಬಹಳ ಹೊತ್ತು ಕೈ ತೆಗೆಯಲಿಲ್ಲ. ಎಲ್ಲರೂ ಅವಳನ್ನೇ ನೋಡುತ್ತಿದ್ದರು.

"ಕೆಂಡದ ಹಾಗೆ ಸುಡ್ತಿದೆ," ಎಂದಳು.

ಮಾವ ಅವಳ ಮಣಿಕಟ್ಟು ಹಿಡಿದುಕೊಂಡರು. "ತಾಯಿ, ನಿನ್ನ ಮಗ..."

ಅವಳು ಅಂಗೈಯನ್ನು ಹಣೆಯಿಂದ ಕೆಳಕ್ಕೆ ಸರಿಸಿ ಅವರ ಬಾಯಿ ಮುಚ್ಚಿದಳು. ಮಗುವನ್ನು ಸುಮ್ಮನಿರಿಸುವ ಹಾಗೆ "ಶ್, ಶ್" ಎನ್ನುತ್ತಾ ಒತ್ತಿ ಹಿಡಿದಳು. ಇನ್ನೊಂದು ಕೈಯಿಂದ ಅವರ ತಲೆ ಸವರುತ್ತಿದ್ದಳು. "ಮಾತಾಡಿಸಬೇಡಿ ಅವರನ್ನ. ಒಳಗೆ ಮಲಗಿಸಿ," ಎಂದಳು ಜನರಿಗೆ.

ಎಷ್ಟೊಂದು ಕೈಗಳು ಬಂದವು! ಮಾವ ಕಟ್ಟಿದ ಕೈಗಳೇ ಎಲ್ಲ. ಹೂವಿನ ಹಾಗೆ ಎತ್ತಿದರು. ನಾನು ಬಾಗಿಲಿಗೆ ಅಡ್ಡ ನಿಂತೆ, ಪಕ್ಕಕ್ಕೆ ತಳ್ಳಿದರು. ಮಂಚ ಹಿಡಿದುಕೊಂಡೆ, ಬೆರಳು ಬಿಡಿಸಿದರು. ಆಂಬುಲೆನ್ಸಿನ ಆಳು ಖಾಲಿ ಸ್ಟ್ರೆಚರ್ ಮಡಿಸುತ್ತಾ, "ಮುಂದಿನ ಸಲ ಮನೆಯವರೆಲ್ಲ ಒಪ್ಪಿದ ಮೇಲೆ ಫೋನ್ ಮಾಡಿ," ಎಂದು ಹೇಳಿ ಹೋದ.

ಆಮೇಲೆ ಮಾವ ಯಾರ ಹತ್ತಿರವೂ ಮಾತಾಡಲಿಲ್ಲ, ನನ್ನ ಹತ್ತಿರವೂ. ನೀರು ಕೊಟ್ಟರೆ ಕುಡಿಯುತ್ತಿದ್ದರು. ಕಪ್ಪು ಪಾದದಿಂದ ಮೇಲಕ್ಕೆ ಏರಿತು. ಆ ವಾರ ಮುಗಿಯುವ ಮೊದಲು, ಹೊರಗೆ ಯಾವುದೋ ಮಗುವಿನ ಮೊಣಕೈಯನ್ನು ನನ್ನ ಗಂಡ ಎಳೆಯುತ್ತಿದ್ದಾಗ, ಆ ಮಗುವಿನ ಕಿರುಚಾಟದ ನಡುವೆ ಅವರ ಜೀವ ಹೋಯಿತು. ಪಕ್ಕದಲ್ಲಿ ನಾನೊಬ್ಬಳೇ ಇದ್ದೆ.

ಮಣ್ಣು ಮಾಡಿ ಬಂದ ಮಾರನೆಯ ದಿನ ಹೊಲಿಗೆಯಮ್ಮನ ಓಣಿಗೆ ಹೋದೆ. ಅವಳು ಮೆಷಿನ್ ತುಳಿಯುತ್ತಿದ್ದಳು. ನನ್ನನ್ನು ಕಂಡು ಚಕ್ರ ಹಿಡಿದು ನಿಲ್ಲಿಸಿದಳು. ಕೂರು ಎಂದಳು. ನಾನು ಕೂರಲಿಲ್ಲ.

"ಅವರ ಹಣೆ ತಣ್ಣಗಿತ್ತು," ಎಂದೆ.

"ತಣ್ಣಗಿತ್ತು."

"ಅವರು ಹೇಳಿದ್ದು ನಿಜ ಅಂತ ನಿಮಗೆ ಗೊತ್ತಾಯ್ತು."

"ಗೊತ್ತಾಯ್ತು ಕಣಮ್ಮ."

"ಹಾಗಾದ್ರೆ ಯಾಕೆ? ಮಗನ ಸೇಡು ತೀರಿಸ್ಕೊಂಡ್ರಾ?"

"ಅಯ್ಯೋ, ಸೇಡು ಎಲ್ಲಿಂದ ಬಂತು," ಎಂದಳು. ಸೂಜಿಯ ಕೆಳಗಿದ್ದ ಬಟ್ಟೆಯನ್ನು ಎರಡೂ ಕೈಯಿಂದ ನೀವಿ ಸರಿಮಾಡಿದಳು. "ಆಸ್ಪತ್ರೆಗೆ ಹೋಗು ಅಂತ ಅವರು ಹೇಳಿದ್ರು. ನನ್ನ ಮಗನೂ ಕೇಳ್ದ, ಅಮ್ಮಾ ಆಸ್ಪತ್ರೆಗೆ ಹೋಗೋಣ ಅಂತ. ನಾನೇ ಬೇಡ ಅಂದೆ, ನಾಳೆ ಪಂಡಿತರ ಕೈ ಒಪ್ಪುತ್ತೆ ಸುಮ್ನಿರು ಅಂದೆ. ಆ ಕೆಲಸ ಅವರಿಗೆ ಬರ್ತಾನೇ ಇರಲಿಲ್ಲ ಅಂತ ನಾನು ಒಪ್ಕೊಂಡ್ರೆ, ಸುಮ್ನೆ ಕಾಯಿಸಿ ಅವನನ್ನ ಕೊಂದೋಳು ನಾನೇ ಆಗ್ತೀನಿ. ನಿಮ್ಮ ಮಾವ ವಯಸ್ಸಾದೋರು, ಹೋದ್ರು. ನಾನಿನ್ನೂ ಬದುಕಬೇಕಲ್ಲಮ್ಮಾ."